ಗೆದ್ದವ್ರು ಹೊರಗೇ ಉಳಿದ್ರು, ಸೋತವ್ರು ಒಳಗೆ ಹೋದ್ರು: 2017–18ರ ಚಾಲೆಂಜ್ ಕಪ್

ಪ್ರಶ್ನೆ: ಸರ್ ನಮಸ್ತೆ. ನಾನು ದಾವಣಗೆರೆ ಕಡೆಯವನು, ಈಗ ವೇಲ್ಸ್‌ನ ಕಾರ್ಡಿಫ್‌ನಲ್ಲಿ ಮಾಸ್ಟರ್ಸ್ ಓದ್ತಿದೀನಿ. ನಮ್ಮ ಮನೆ ಓನರ್ ಒಬ್ರು ವಯಸ್ಸಾದವ್ರು, ರಗ್ಬಿ ಅಂದ್ರೆ ಪ್ರಾಣ. ಯಾವಾಗ ಮಾತಾಡಿದ್ರೂ 2018ರ ಬಿಲ್ಬಾವೊ ರಾತ್ರಿ ಅಂತ ಶುರು ಮಾಡ್ತಾರೆ, ಹೇಳ್ತಾ ಹೇಳ್ತಾ ಕಣ್ಣು ಒದ್ದೆ ಆಗುತ್ತೆ. ನೆಟ್‌ನಲ್ಲಿ ನೋಡಿದ್ರೆ ಅದು ಯುರೋಪಿನ ಎರಡನೇ ದರ್ಜೆ ಕಪ್ ಅಂತೆ. ದೊಡ್ಡ ಟೀಮ್‌ಗಳೇ ಇಲ್ದಿರೋ ಕಪ್ ಗೆದ್ದಿದ್ದಕ್ಕೆ ಇಷ್ಟೊಂದು ಯಾಕೆ? ಗೆದ್ರೆ ಮುಂದಿನ ವರ್ಷ ಮೇಲಿನ ಕಪ್‌ಗೆ ಸೀಟ್ ಸಿಗುತ್ತೆ ಅಂತನಾ? ಆ ಸೀಸನ್ ಹೇಗೆ ನಡೀತು, ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ನಮಸ್ಕಾರ. ಮೊದಲು ಒಂದು ಮಾತು, ನಿಮ್ಮ ಓನರ್ ಹೇಳ್ತಿರೋದನ್ನ ಹಗುರವಾಗಿ ತಗೋಬೇಡಿ, ಆ ಸೀಸನ್ ಗೊತ್ತಿರೋರು ಯಾರೇ ಆದ್ರೂ ಹಾಗೇ ಮಾತಾಡ್ತಾರೆ. ಮತ್ತೆ ಸೀಟ್ ವಿಷಯ ಕೇಳಿದೀರಲ್ಲ, ಅದರಲ್ಲೇ ಇರೋದು ಕಥೆ, ಆದ್ರೆ ನೀವು ಅಂದ್ಕೊಂಡಿರೋ ಥರ ಇಲ್ಲ. ಸ್ವಲ್ಪ ಹಿಂದಿನಿಂದ ಬರ್ತೀನಿ, ತಾಳ್ಮೆಯಿಂದ ಓದಿ.

ಯುರೋಪಿನಲ್ಲಿ ಕ್ಲಬ್ ರಗ್ಬಿಗೆ ಎರಡು ಕಪ್ ಇದೆ, ಮೇಲಿನದು ಚಾಂಪಿಯನ್ಸ್ ಕಪ್, ಕೆಳಗಿನದು ಚಾಲೆಂಜ್ ಕಪ್. ಚಾಲೆಂಜ್ ಕಪ್ 1996ರಿಂದ ನಡೀತಿದೆ, ಮೊದಲ ಸಲ ಗೆದ್ದಿದ್ದು ಫ್ರಾನ್ಸ್‌ನ ಬೂರ್ಗ್ವಾಂ ಅನ್ನೋ ಸಣ್ಣ ಊರಿನ ಕ್ಲಬ್. ನಮ್ಮಲ್ಲಿ ರಣಜಿಯಲ್ಲಿ ಎಲೀಟ್, ಪ್ಲೇಟ್ ಅಂತ ಇದೆಯಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ ಅಂತ ಮೊದಲಿಗೆ ಅನ್ಸುತ್ತೆ, ಆದ್ರೆ ಒಂದು ದೊಡ್ಡ ವ್ಯತ್ಯಾಸ ಇದೆ. ರಣಜಿ ಪ್ಲೇಟ್‌ನಲ್ಲಿ ಚೆನ್ನಾಗಿ ಆಡಿದ್ರೆ ಆ ಟೂರ್ನಿಯ ರಿಸಲ್ಟ್ ಮೇಲೇ ಎಲೀಟ್‌ಗೆ ಹತ್ತಬಹುದು, ಇಲ್ಲಿ ಒಂದು ಸೀಟು ಬಿಟ್ರೆ ಹಾಗಲ್ಲ (ಆ ಸೀಟಿನ ಕಥೆ ಮುಂದೆ ಬರುತ್ತೆ), ಯಾವ ಕಪ್‌ನಲ್ಲಿ ಆಡ್ಬೇಕು ಅನ್ನೋದು ಪ್ರತಿ ವರ್ಷ ನಿಮ್ಮ ನಿಮ್ಮ ದೇಶದ ಲೀಗ್ ಟೇಬಲ್ ಮೇಲೆ ಹೊಸದಾಗಿ ತೀರ್ಮಾನ ಆಗುತ್ತೆ. ಇಂಗ್ಲೆಂಡಿಗೆ ಪ್ರೀಮಿಯರ್‌ಶಿಪ್, ಫ್ರಾನ್ಸಿಗೆ ಟಾಪ್ 14, ಐರ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್, ಇಟಲಿ ನಾಲ್ಕಕ್ಕೂ ಸೇರಿ ಆಗ ಪ್ರೊ14. ಮೇಲಿನವ್ರು ಚಾಂಪಿಯನ್ಸ್ ಕಪ್‌ಗೆ, ಉಳಿದೋರು ಚಾಲೆಂಜ್ ಕಪ್‌ಗೆ. ಅಂದ್ರೆ ಎಂಥ ಆನೆ ಟೀಮ್ ಆದ್ರೂ ಒಂದು ವರ್ಷ ಎಡವಿದ್ರೆ ಕೆಳಗೆ ಬಂದು ಕೂರ್ಬೇಕು.

2017–18ರಲ್ಲಿ ಹಾಗೆ ಕೆಳಗೆ ಬಂದು ಕೂತಿದ್ದು ಯಾರು ಗೊತ್ತಾ, ತುಲೂಸ್. ಆ ಹೊತ್ತಿಗಾಗ್ಲೇ ನಾಲ್ಕು ಸಲ ಯುರೋಪ್ ಚಾಂಪಿಯನ್ ಆಗಿದ್ದ, ಅಂದ್ರೆ ಮೇಲಿನ ಕಪ್ ಗೆದ್ದಿದ್ದ ಕ್ಲಬ್ಬು, 1996, 2003, 2005, 2010. ಹಿಂದಿನ ಸೀಸನ್ ಟಾಪ್ 14ರಲ್ಲಿ 12ನೇ ಜಾಗಕ್ಕೆ ಜಾರಿದ್ರು ಅನ್ನೋ ಒಂದೇ ಕಾರಣಕ್ಕೆ ಮೊಟ್ಟಮೊದಲ ಸಲ ಚಾಲೆಂಜ್ ಕಪ್‌ಗೆ ಬಂದ್ರು. ಅವ್ರ ಪೂಲ್‌ನಲ್ಲಿ ಇದ್ದಿದ್ದು ಲಿಯೋನ್, ಸೇಲ್, ಆಮೇಲೆ ನಿಮ್ಮ ಊರಿನ ಕಾರ್ಡಿಫ್ ಬ್ಲೂಸ್ (ಈಗ ಕಾರ್ಡಿಫ್ ರಗ್ಬಿ ಅಂತ ಹೆಸರು ಬದಲಾಗಿದೆ). ಹಳಬರಿಗೆ ಈ ಹೆಸರುಗಳು ಒಟ್ಟಿಗೆ ಕಂಡ ತಕ್ಷಣ ನೆನಪಾಗಿದ್ದು 1996 ಜನವರಿ, ಯುರೋಪ್ ಕಪ್ಪಿನ ಮೊಟ್ಟಮೊದಲ ಫೈನಲ್, ಅದೂ ಕಾರ್ಡಿಫ್‌ನಲ್ಲೇ, ಅಲ್ಲಿ ಎಕ್ಸ್‌ಟ್ರಾ ಟೈಮ್‌ಗೆ ಹೋಗಿ ಕಾರ್ಡಿಫ್ ಟೀಮನ್ನ 21–18ಕ್ಕೆ ಸೋಲಿಸಿ ತುಲೂಸ್ ಕಪ್ ಎತ್ಕೊಂಡು ಹೋಗಿತ್ತು. ನಿಮ್ಮ ಓನರ್ ವಯಸ್ಸಿನವ್ರಿಗೆ ಅದು ಮರೆಯೋ ಮಾತಲ್ಲ. 22 ವರ್ಷದ ಮೇಲೆ ಎರಡನೇ ದರ್ಜೆ ಅನ್ನೋ ಕಪ್‌ನಲ್ಲಿ ಅದೇ ಎರಡು ಕ್ಲಬ್ ಮತ್ತೆ ಎದುರುಬದುರು, ಈ ಸಲ ಪೂಲ್‌ನಲ್ಲಿ ಮೊದಲ ಸ್ಥಾನ ಕಾರ್ಡಿಫ್‌ದು, ತುಲೂಸ್ ಕ್ವಾರ್ಟರ್ ಫೈನಲ್‌ಗೂ ಬರ್ಲಿಲ್ಲ. ದೊಡ್ಡ ಟೀಮ್‌ಗಳೇ ಇರ್ಲಿಲ್ಲ ಅನ್ನೋ ಮಾತಿಗೆ ನನ್ನ ಮೊದಲ ಉತ್ತರ ಇದೇ.

ಒಟ್ಟು 20 ಟೀಮು, ನಾಲ್ಕು ನಾಲ್ಕರ ಐದು ಪೂಲು, ಪ್ರತಿಯೊಬ್ಬರಿಗೂ ಆರು ಮ್ಯಾಚು, ಮನೇಲೊಂದು ಹೊರಗೊಂದು. ಗೆದ್ರೆ 4 ಪಾಯಿಂಟ್, ಡ್ರಾ ಆದ್ರೆ 2, ನಾಲ್ಕು ಟ್ರೈ (ಚೆಂಡನ್ನ ಎದುರಾಳಿ ಗೆರೆ ದಾಟಿಸೋದು) ಹೊಡೆದ್ರೆ ಒಂದು ಬೋನಸ್, ಮ್ಯಾಚಿನ ಸ್ಕೋರಲ್ಲಿ 7 ಅಥವಾ ಅದಕ್ಕಿಂತ ಕಮ್ಮಿ ಅಂತರದಲ್ಲಿ ಸೋತ್ರೂ ಒಂದು ಬೋನಸ್. ಪೂಲ್ ಗೆದ್ದ ಐದು ಟೀಮು ಮತ್ತೆ ಎರಡನೇ ಸ್ಥಾನದವ್ರಲ್ಲಿ ಚೆನ್ನಾಗಿರೋ ಮೂರು ಸೇರಿ ಕ್ವಾರ್ಟರ್ ಫೈನಲ್. ಇಷ್ಟು ಗೊತ್ತಿದ್ರೆ ಸಾಕು.

ಆ ಇಪ್ಪತ್ತರಲ್ಲಿ ಇನ್ನೆರಡು ಟೀಮ್ ಬಗ್ಗೆ ಹೇಳ್ದೆ ಮುಂದೆ ಹೋಗೋಕೆ ಮನಸ್ಸು ಬರಲ್ಲ. ಎನಿಸೇ, ಕ್ರಾಸ್ನಿ ಯಾರ್, ಎರಡೂ ರಷ್ಯಾದ್ದು, ಎರಡೂ ಸೈಬೀರಿಯಾದ ಕ್ರಾಸ್ನೊಯಾರ್ಸ್ಕ್ ಅನ್ನೋ ಒಂದೇ ಊರಿನದು. ಎನಿಸೇ ಅನ್ನೋದು ಆ ಊರಲ್ಲಿ ಹರಿಯೋ ನದಿ ಹೆಸರು. ಮೂರನೇ ಹಂತದ ಒಂದು ಟೂರ್ನಿ ಆಡಿ ಅಲ್ಲಿಂದ ಈ ಎರಡು ಸೀಟು ಗಿಟ್ಟಿಸಿಕೊಂಡು ಬಂದಿದ್ರು. ಪ್ಯಾರಿಸ್, ಎಡಿನ್‌ಬರೋಗೆ ಹೋಗಿ ಆಡಿ ಬರೋದು ಅಂದ್ರೆ ಅವ್ರಿಗೆ ಅರ್ಧ ಭೂಮಿ ಸುತ್ತಿದ ಹಾಗೆ, ಆದ್ರೂ ಆ ಅಕ್ಟೋಬರ್‌ನಲ್ಲಿ ಕ್ರಾಸ್ನಿ ಯಾರ್ ಹುಡುಗ್ರು ಸ್ಟಾಡ್ ಫ್ರಾನ್ಸೆಯನ್ನ ಸೋಲಿಸಿಬಿಟ್ರು. ಸ್ಟಾಡ್ ಫ್ರಾನ್ಸೆ ಅಂದ್ರೆ ಸಾಮಾನ್ಯದವ್ರಲ್ಲ, ಪ್ಯಾರಿಸ್ಸಿನ ಕ್ಲಬ್ಬು, ಹಿಂದಿನ ವರ್ಷ ಇದೇ ಚಾಲೆಂಜ್ ಕಪ್ ಗೆದ್ದವ್ರು. ಮೇಲಿನ ಕಪ್‌ನಲ್ಲಿ ಇಂಥ ಬಾಗಿಲೇ ಇರ್ಲಿಲ್ಲ, ಸೈಬೀರಿಯಾದ ಹುಡುಗನೊಬ್ಬ ಪ್ಯಾರಿಸ್ ಟೀಮನ್ನ ಸೋಲಿಸಿದೀನಿ ಅಂತ ಜೀವನಪೂರ್ತಿ ಹೇಳ್ಕೊಳ್ಳೋಕೆ ಆಗಿದ್ದು ಈ ಕಪ್ ಇದ್ದಿದ್ರಿಂದ.

ಈಗ ನಿಮಗೊಂದು ಡೌಟ್ ಬರ್ಬೇಕು. ಹಿಂದಿನ ವರ್ಷ ಕಪ್ ಗೆದ್ದ ಸ್ಟಾಡ್ ಫ್ರಾನ್ಸೆ ಮೇಲಿನ ಕಪ್‌ಗೆ ಹೋಗ್ಬೇಕಿತ್ತಲ್ವಾ, ಮತ್ತೆ ಇಲ್ಲೇ ಯಾಕಿದ್ರು? ಇಲ್ಲಿಗೆ ಸೀಟಿನ ಕಥೆ ಶುರು.

ಅದಕ್ಕೆ ಮುಂಚೆ ನಿಯಮ ಹೇಗಿತ್ತು ಅಂದ್ರೆ, ಮೇಲಿನ ಕಪ್ಪಿನ ಕೊನೆಯ, ಅಂದ್ರೆ 20ನೇ ಸೀಟಿಗೆ ಸೀಸನ್ ಕೊನೆಗೆ ಒಂದು ಪ್ಲೇಆಫ್ ಇಡ್ತಿದ್ರು, ಚಾಲೆಂಜ್ ಕಪ್ ಗೆದ್ದ ಟೀಮ್ ಲೀಗ್‌ನಲ್ಲಿ ಮೇಲಕ್ಕೆ ಬಂದಿಲ್ಲ ಅಂದ್ರೆ ನೇರ ಸೀಟಿಲ್ಲ, ಆ ಪ್ಲೇಆಫ್‌ನಲ್ಲಿ ಆಡೋ ಅವಕಾಶ ಅಷ್ಟೇ. 2015ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಸ್ಕಾಟ್ಲೆಂಡಿನ ಎಡಿನ್‌ಬರೋವನ್ನ 19–13ಕ್ಕೆ ಸೋಲಿಸಿ ಚಾಲೆಂಜ್ ಕಪ್ ಗೆದ್ರು, ಅದೇ ಮೇ ತಿಂಗಳು ಪ್ಲೇಆಫ್‌ನಲ್ಲಿ ಬೋರ್ಡೋ ಹತ್ರ 23–22ಕ್ಕೆ ಸೋತು ಹೊರಗೇ ಉಳಿದ್ರು. ಎರಡು ವರ್ಷ ಬಿಟ್ಟು 2017 ಮೇನಲ್ಲಿ ಸ್ಟಾಡ್ ಫ್ರಾನ್ಸೆ ಎಡಿನ್‌ಬರೋದ ಮರ್ರೀಫೀಲ್ಡ್‌ನಲ್ಲಿ ಇದೇ ಗ್ಲಾಸ್ಟರನ್ನ 25–17ಕ್ಕೆ ಸೋಲಿಸಿ ಕಪ್ ಗೆದ್ರು, ಎರಡೇ ವಾರಕ್ಕೆ ನಾರ್ಥಾಂಪ್ಟನ್ ಹತ್ರ ಪ್ಲೇಆಫ್, ಅಲ್ಲೂ 23–22, ಅಲ್ಲೂ ಒಂದೇ ಪಾಯಿಂಟ್. ಕಪ್ ಕೈಯಲ್ಲಿದೆ, ಸೀಟಿಲ್ಲ.

ಆ ಸ್ಟಾಡ್ ಫ್ರಾನ್ಸೆ ಹುಡುಗ್ರ ಸ್ಥಿತಿ ಇನ್ನೊಂದು ಸ್ವಲ್ಪ ಹೇಳ್ಲೇಬೇಕು. 2017 ಮಾರ್ಚ್‌ನಲ್ಲಿ ಕ್ಲಬ್ಬನ್ನ ಪಕ್ಕದ ರಾಸಿಂಗ್ 92 ಜೊತೆ ವಿಲೀನ ಮಾಡ್ತೀವಿ ಅಂತ ಮಾಲೀಕರು ಅನೌನ್ಸ್ ಮಾಡಿದ್ರು, ಆಟಗಾರರು ಸ್ಟ್ರೈಕ್ ಕೂತ್ರು, ಕೆಲವೇ ದಿನಕ್ಕೆ ಆ ಪ್ಲಾನ್ ಬಿದ್ದುಹೋಯ್ತು. ನಾಳೆ ಈ ಜರ್ಸಿನೇ ಇರಲ್ಲ ಅನ್ನೋ ಪರಿಸ್ಥಿತಿಯಿಂದ ಎದ್ದು ಎರಡು ತಿಂಗಳಿಗೆ ಕಪ್ ಎತ್ತಿದ್ರು. ಅವ್ರ ಮುಂದೆ ಇದು ಎರಡನೇ ದರ್ಜೆದು ಅಂತ ಹೇಳೋ ಧೈರ್ಯ ಯಾರಿಗೂ ಬರ್ತಿರ್ಲಿಲ್ಲ.

2018ಕ್ಕೆ ಆ ಪ್ಲೇಆಫ್ ತೆಗೆದು ಹೊಸ ನಿಯಮ ತಂದ್ರು. 20ನೇ ಸೀಟು ಮೊದಲು ಚಾಂಪಿಯನ್ಸ್ ಕಪ್ ಗೆದ್ದವ್ರಿಗೆ, ಅವ್ರು ಲೀಗ್ ಮೂಲಕ ಆಗ್ಲೇ ಸೀಟ್ ಪಡ್ಕೊಂಡಿದ್ರೆ ಚಾಲೆಂಜ್ ಕಪ್ ಗೆದ್ದವ್ರಿಗೆ, ಅವ್ರಿಗೂ ಆಗ್ಲೇ ಇದ್ರೆ ಚಾಲೆಂಜ್ ಕಪ್ ಫೈನಲ್‌ನಲ್ಲಿ ಸೋತವ್ರಿಗೆ. ಈ ಕೊನೆ ಸಾಲು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಪೂಲ್ ಹಂತದ ಬಗ್ಗೆ ನಾನು ಮುಚ್ಚಿಟ್ಟು ಮಾತಾಡಲ್ಲ, ಎಲ್ಲರೂ ಜೀವ ಬಿಟ್ಟು ಆಡಲ್ಲ. ಫ್ರೆಂಚ್ ಕ್ಲಬ್‌ಗಳು ಎಷ್ಟೋ ಸಲ ಎರಡನೇ ಸಾಲಿನ ಆಟಗಾರರನ್ನ ಕಳಿಸ್ತಾರೆ, ಅದಕ್ಕೆ ಅವ್ರನ್ನ ಬೈಯೋರೂ ಇದಾರೆ, ಆದ್ರೆ ನನಗೆ ಅವ್ರ ಕಷ್ಟ ಅರ್ಥ ಆಗುತ್ತೆ. ಟಾಪ್ 14ರಲ್ಲಿ ಕೊನೇಲಿ ಬಂದ್ರೆ ಕೆಳಗಿನ ಡಿವಿಷನ್‌ಗೆ ಇಳೀಬೇಕು, ಇಳಿದ್ರೆ ಸ್ಪಾನ್ಸರು, ಟಿವಿ ದುಡ್ಡು, ಒಳ್ಳೆ ಆಟಗಾರರು ಎಲ್ಲಾ ಕೈಬಿಟ್ಟು ಹೋಗುತ್ತೆ. ಆ ಸೀಸನ್ನೇ ನೋಡಿ, ಬ್ರೀವ್ ಚಾಲೆಂಜ್ ಕಪ್ ಕ್ವಾರ್ಟರ್ ಫೈನಲ್ ತನಕ ಬಂದ್ರು, ಅದೇ ವರ್ಷ ಟಾಪ್ 14ರಲ್ಲಿ ಕೊನೇ ಸ್ಥಾನ, ಇಳಿದ್ರು. ಅವ್ರದ್ದೇ ಪೂಲ್‌ನಲ್ಲಿದ್ದ ಓಯೊನಾ ಕೂಡ ಇಳಿದ್ರು. ಇಂಗ್ಲೆಂಡಲ್ಲಿ ಲಂಡನ್ ಐರಿಷ್ ಇಳಿದ್ರು. 20ರಲ್ಲಿ ಮೂರು ಕ್ಲಬ್ಬು, ಒಂದೇ ವರ್ಷ. ಇನ್ನೊಂದು ಕಡೆ ನ್ಯೂಕಾಸಲ್, ಅದೇ ವರ್ಷ ಪ್ರೀಮಿಯರ್‌ಶಿಪ್‌ನಲ್ಲಿ ನಾಲ್ಕನೇ ಸ್ಥಾನ, ಚಾಲೆಂಜ್ ಕಪ್ ಸೆಮಿಫೈನಲ್ಲು, ಎರಡೂ. ಪ್ರೊ14ರಲ್ಲಿ ಇಳಿಯೋ ಪದ್ಧತಿನೇ ಇರ್ಲಿಲ್ಲ, ಆ ಭಯ ಇಲ್ದಿದ್ರಿಂದ ಕಾರ್ಡಿಫ್, ಎಡಿನ್‌ಬರೋ, ಕೊನಾಕ್ಟ್ ಥರದವ್ರು ಈ ಕಪ್‌ಗೆ ಪೂರ್ತಿ ಮನಸ್ಸು ಕೊಡೋಕೆ ಸಾಧ್ಯ ಆಗ್ತಿತ್ತು. ಇದು ಧೈರ್ಯ ಹೇಡಿತನದ ಪ್ರಶ್ನೆ ಅಲ್ಲ, ಲೀಗಿನ ರಚನೆನೇ ಹಾಗಿದೆ.

ಆದ್ರೆ ಏಪ್ರಿಲ್ ಬಂತು ಅಂದ್ರೆ ಈ ಕಪ್ಪಿನ ಬಣ್ಣನೇ ಬೇರೆ. ಎಂಟು ಟೀಮ್ ಉಳಿದ್ಮೇಲೆ ಯಾರೂ ಬಿಟ್ಟುಕೊಡಲ್ಲ. ಪೂಲ್ ಗೆದ್ದಿದ್ರೂ ಕಾರ್ಡಿಫ್‌ಗೆ ಕ್ವಾರ್ಟರ್ ಫೈನಲ್ ಮನೇಲಿ ಸಿಗ್ಲಿಲ್ಲ, ಎಡಿನ್‌ಬರೋಗೆ ಹೋದ್ರು, ಅಲ್ಲಿ 20–6ಕ್ಕೆ ಗೆದ್ದು ಬಂದ್ರು, ಎದುರಾಳಿಗೆ ಒಂದೂ ಟ್ರೈ ಕೊಡ್ದೆ. ಗ್ಲಾಸ್ಟರ್ ಐರ್ಲೆಂಡಿನ ಗಾಲ್ವೇಗೆ ಹೋಗಿ ಕೊನಾಕ್ಟನ್ನ 33–28ಕ್ಕೆ ಸೋಲಿಸಿದ್ರು, ಗಾಲ್ವೇಲಿ ಅಟ್ಲಾಂಟಿಕ್ ಗಾಳಿ ಬೀಸುವಾಗ ಗೆದ್ದು ಬರೋದು ಸುಲಭ ಅಲ್ಲ. ಸೆಮಿಯಲ್ಲಿ ಗ್ಲಾಸ್ಟರ್ ತಮ್ಮ ಕಿಂಗ್ಸ್‌ಹೋಮ್‌ನಲ್ಲಿ ನ್ಯೂಕಾಸಲನ್ನ 33–12ಕ್ಕೆ ಆರಾಮಾಗಿ ಮುಗಿಸಿದ್ರು. ಕಾರ್ಡಿಫ್‌ದು ಆರ್ಮ್ಸ್ ಪಾರ್ಕ್‌ನಲ್ಲಿ, ಫ್ರಾನ್ಸಿನ ಪೋ ವಿರುದ್ಧ, 16–10. ಆರ್ಮ್ಸ್ ಪಾರ್ಕ್ ನೀವು ದಿನಾ ನೋಡ್ತಿರ್ತೀರಿ, ದೊಡ್ಡ ಪ್ರಿನ್ಸಿಪಾಲಿಟಿ ಸ್ಟೇಡಿಯಂ ಗೋಡೆಗೆ ಒರಗಿಕೊಂಡಿರೋ ಚಿಕ್ಕದು, ಕೃತಕ ಹುಲ್ಲಿನ ಗ್ರೌಂಡು.

ಕಾರ್ಡಿಫ್ ಸ್ಥಿತಿನೂ ತಿಳ್ಕೊಳ್ಳಿ. ಕೋಚ್ ಡ್ಯಾನಿ ವಿಲ್ಸನ್ ಸೀಸನ್ ಮುಗಿದ ಮೇಲೆ ಬಿಟ್ಟು ಹೋಗ್ತೀನಿ ಅಂತ ಮುಂಚೆನೇ ಹೇಳಿಯಾಗಿತ್ತು. ಅವ್ರ ದೊಡ್ಡ ಹೆಸರು ಸ್ಯಾಮ್ ವಾರ್ಬರ್ಟನ್, ವೇಲ್ಸ್‌ಗೂ ಲಯನ್ಸ್‌ಗೂ (ಬ್ರಿಟನ್, ಐರ್ಲೆಂಡ್ ಸೇರಿ ಕಟ್ಟೋ ಟೀಮು) ಕ್ಯಾಪ್ಟನ್ ಆಗಿದ್ದವ್ರು, ಇಡೀ ಸೀಸನ್ ಇಂಜುರಿಯಿಂದ ಹೊರಗೆ, ಆ ಜುಲೈನಲ್ಲಿ 29ನೇ ವಯಸ್ಸಿಗೇ ರಿಟೈರ್ ಆದ್ರು. ಹೋಗೋ ಕೋಚು, ಇಲ್ಲದ ನಾಯಕ, ಅಂಥ ಟೀಮ್ ಫೈನಲ್‌ಗೆ ಹೋಯ್ತು.

ಫೈನಲ್ 2018 ಮೇ 11, ಶುಕ್ರವಾರ ರಾತ್ರಿ, ಸ್ಪೇನಿನ ಬಿಲ್ಬಾವೊದ ಸಾನ್ ಮಾಮೆಸ್. ಅದು ಅಥ್ಲೆಟಿಕ್ ಕ್ಲಬ್‌ನ ಫುಟ್‌ಬಾಲ್ ಸ್ಟೇಡಿಯಂ, ಜನ ಅದನ್ನ ಕೆಥೆಡ್ರಲ್ ಅಂತಾರೆ. ಸಿಕ್ಸ್ ನೇಷನ್ಸ್ ಅನ್ನೋ ವಾರ್ಷಿಕ ಟೂರ್ನಿ ಆಡೋ ಆರು ದೇಶ ಬಿಟ್ಟು ಹೊರಗೆ ಯುರೋಪ್ ರಗ್ಬಿ ಫೈನಲ್ ನಡೆದಿದ್ದು ಅದೇ ಮೊದಲು, ಮಾರನೇ ದಿನ ಅಲ್ಲೇ ಮೇಲಿನ ಕಪ್ಪಿನ ಫೈನಲ್ಲು, ಲೆನ್ಸ್ಟರ್ ರಾಸಿಂಗ್ 92ನ 15–12ಕ್ಕೆ ಸೋಲಿಸಿದ್ರು, ಎರಡೂ ಕಡೆ ಒಂದೂ ಟ್ರೈ ಇಲ್ಲ. ನೋಡೋಕೆ ಯಾವುದು ಚೆನ್ನಾಗಿತ್ತು ಅಂದ್ರೆ ನಾನು ಯೋಚ್ನೆ ಮಾಡ್ದೆ ಶುಕ್ರವಾರದ್ದು ಅಂತೀನಿ.

ಸ್ಕೋರ್ ಲೆಕ್ಕ ಗೊತ್ತಿಲ್ದಿದ್ರೆ ಆ ರಾತ್ರಿ ಅರ್ಥ ಆಗಲ್ಲ. ಚೆಂಡನ್ನ ಎದುರಾಳಿ ಗೆರೆ ದಾಟಿಸಿ ನೆಲಕ್ಕೆ ಒತ್ತಿದ್ರೆ ಟ್ರೈ, 5 ಪಾಯಿಂಟ್. ಆಮೇಲೆ ಟ್ರೈ ಎಲ್ಲಿ ಬಿತ್ತೋ ಅದರ ನೇರಕ್ಕೆ ಹಿಂದೆ ಬಂದು ಕಂಬಗಳ ನಡುವೆ ಒದೀಬೇಕು, ಅದು ಕನ್ವರ್ಷನ್, 2 ಪಾಯಿಂಟ್. ಎದುರಾಳಿ ತಪ್ಪು ಮಾಡಿದ್ರೆ ಪೆನಾಲ್ಟಿ ಒದೆತ, 3 ಪಾಯಿಂಟ್.

ಫಸ್ಟ್ ಹಾಫ್ ಪೂರ್ತಿ ಗ್ಲಾಸ್ಟರ್‌ದು. ಮಾರ್ಕ್ ಅಟ್ಕಿನ್ಸನ್ ಒಂದು ಟ್ರೈ, ಹೆನ್ರಿ ಟ್ರಿಂಡರ್ ಒಂದು ಟ್ರೈ, ಬಿಲ್ಲಿ ಟ್ವೆಲ್ವ್‌ಟ್ರೀಸ್ ಒದೆತ ಒಂದೂ ಹುಸಿ ಹೋಗ್ತಿಲ್ಲ, ಹಾಫ್ ಟೈಮ್‌ಗೆ 20–6. ಟಿವಿ ಮುಂದೆ ಕೂತಿದ್ದ ನನಗೆ ಮುಗೀತು ಅನ್ಸಿತ್ತು. ಹಿಂದಿನ ವರ್ಷ ಫೈನಲ್ ಸೋತ ನೋವಿದ್ದ ಟೀಮ್ 14 ಪಾಯಿಂಟ್ ಮುಂದಿರುವಾಗ ಬಿಟ್ಟುಕೊಡುತ್ತೆ ಅಂತ ಯಾರು ಅಂದ್ಕೋತಾರೆ. ಆದ್ರೆ ಸೆಕೆಂಡ್ ಹಾಫ್‌ಗೆ ಬಂದ ಕಾರ್ಡಿಫ್ ಬೇರೆನೇ ಟೀಮು, ಸ್ಕ್ರಮ್ ಹಾಫ್ (ಗುಂಪಿಂದ ಚೆಂಡು ತೆಗೆದು ಪಾಸ್ ಮಾಡೋ ಆಟಗಾರ) ಟೋಮೋಸ್ ವಿಲಿಯಮ್ಸ್ ಒಂದು ಟ್ರೈ, ಗ್ಯಾರಿನ್ ಸ್ಮಿತ್ ಇನ್ನೊಂದು, ಚೆಂಡು ಅಗಲಕ್ಕೆ ಹೋಗ್ತಾ ಇದೆ, ಗ್ಲಾಸ್ಟರ್ ಏದುಸಿರು ಬಿಡ್ತಿದಾರೆ. ಅಷ್ಟರಲ್ಲಿ ಗ್ಲಾಸ್ಟರ್ ಕಡೆ ಹುಕರ್ (ಮುಂದಿನ ಸಾಲಿನ ನಡುವೆ ಆಡೋರು) ಜೇಮ್ಸ್ ಹ್ಯಾನ್ಸನ್ ಮೂರನೇ ಟ್ರೈ ಹಾಕಿ ಮತ್ತೆ ಎಳೆದ್ರು, 30ಕ್ಕೆ ಹೋಯ್ತು ಅವ್ರ ಸ್ಕೋರು. ಕೊನೆ ಹೊತ್ತಿಗೆ ಬ್ಲೇನ್ ಸ್ಕಲಿ, ಇವ್ರು ಅಮೆರಿಕದವ್ರು, ಅಮೆರಿಕ ಟೀಮಿಗೇ ಕ್ಯಾಪ್ಟನ್ ಆಗಿದ್ದವ್ರು, ಕಾರ್ಡಿಫ್‌ನ ಮೂರನೇ ಟ್ರೈ ಹಾಕಿದ್ರು. 28–30. ಕನ್ವರ್ಷನ್ ಹೋದ್ರೆ ಸಮ. ಹೋಗ್ಲಿಲ್ಲ.

ಇಂಥ ಕಡೆ ಎಷ್ಟೋ ಟೀಮ್‌ಗಳ ಭುಜ ಇಳಿದುಹೋಗೋದನ್ನ ನೋಡಿದೀನಿ. ಇವ್ರದ್ದು ಇಳೀಲಿಲ್ಲ. ಆಟ ಮುಗಿಯೋಕೆ ಒಂದೆರಡೇ ನಿಮಿಷ ಇರುವಾಗ ಪೆನಾಲ್ಟಿ ಸಿಕ್ತು, ಗ್ಯಾರೆತ್ ಆನ್ಸ್‌ಕೂಂಬ್ ಚೆಂಡು ಇಟ್ಟು, ಹಿಂದೆ ಸರಿದು, ಒದ್ರು. 31–30. ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ ಹುಟ್ಟಿ ವೇಲ್ಸ್‌ಗೆ ಆಡಿದ ಹುಡುಗ, ಮುಂದಿನ ವರ್ಷ 2019ರಲ್ಲಿ ವೇಲ್ಸ್ ಗ್ರ್ಯಾಂಡ್ ಸ್ಲ್ಯಾಮ್ ಗೆದ್ದಾಗ (ಸಿಕ್ಸ್ ನೇಷನ್ಸ್‌ನ ಎಲ್ಲಾ ಮ್ಯಾಚ್ ಗೆಲ್ಲೋದು) ಹತ್ತನೇ ನಂಬರ್ ಜರ್ಸಿಯಲ್ಲಿ ಇದ್ದಿದ್ದೂ ಅವ್ರೇ.

ಸರಿ, ಈಗ ಸೀಟಿನ ಪ್ರಶ್ನೆಗೆ ಬರೋಣ. ಈ ಗೆಲುವಿನಿಂದ ಕಾರ್ಡಿಫ್‌ಗೆ ಚಾಂಪಿಯನ್ಸ್ ಕಪ್ ಸೀಟ್ ಸಿಕ್ತಾ? ಇಲ್ಲ, ಯಾಕಂದ್ರೆ ಅದು ಆಗ್ಲೇ ಅವ್ರ ಕೈಯಲ್ಲಿತ್ತು. ಪ್ರೊ14ರಲ್ಲಿ ಆ ವರ್ಷ ಎರಡು ಗುಂಪು ಮಾಡಿದ್ರು, ಕಾರ್ಡಿಫ್ ತಮ್ಮ ಗುಂಪಲ್ಲಿ ಗ್ಲಾಸ್ಗೋ, ಮನ್ಸ್ಟರ್, ಚೀಟಾಸ್ ಆದ್ಮೇಲೆ ನಾಲ್ಕನೆಯವ್ರು, ಪ್ರತಿ ಗುಂಪಿಂದ ಮೂರು ಟೀಮಿಗೆ ಸೀಟು, ಆದ್ರೆ ಚೀಟಾಸ್ ದಕ್ಷಿಣ ಆಫ್ರಿಕಾದವ್ರು, ಆಗ ಅವ್ರಿಗೆ ಯುರೋಪ್ ಕಪ್ ಆಡೋ ಹಕ್ಕಿರ್ಲಿಲ್ಲ. ಆ ಸೀಟು ಕಾರ್ಡಿಫ್‌ಗೆ ಬಂತು. ಅತ್ತ ಚಾಂಪಿಯನ್ಸ್ ಕಪ್ ಗೆದ್ದ ಲೆನ್ಸ್ಟರ್‌ಗೂ ಲೀಗ್‌ನಿಂದಲೇ ಸೀಟಿತ್ತು. ಈಗ ಆ ನಿಯಮದ ಕೊನೆ ಸಾಲು ನೆನಪು ಮಾಡ್ಕೊಳ್ಳಿ. 20ನೇ ಸೀಟು ಜಾರಿ ಜಾರಿ ಫೈನಲ್ ಸೋತ ಗ್ಲಾಸ್ಟರ್‌ಗೆ ಹೋಯ್ತು, ಪ್ರೀಮಿಯರ್‌ಶಿಪ್‌ನಲ್ಲಿ ಏಳನೇ ಸ್ಥಾನ ಬಂದಿದ್ದವ್ರಿಗೆ.

2015ರಲ್ಲಿ ಕಪ್ ಗೆದ್ದೂ ಒಂದು ಪಾಯಿಂಟಲ್ಲಿ ಹೊರಗುಳಿದ ಗ್ಲಾಸ್ಟರ್, 2018ರಲ್ಲಿ ಒಂದು ಪಾಯಿಂಟಲ್ಲಿ ಕಪ್ ಸೋತು ಒಳಗೆ ಹೋಯ್ತು. ಹೋಗಿ ಆ ಸಾನ್ ಮಾಮೆಸ್ ರಾತ್ರಿ ಫೋಟೋಗಳನ್ನ ಹುಡುಕಿ ನೋಡಿ, ಸೀಟ್ ಸಿಗುತ್ತೆ ಅಂತ ಗ್ಲಾಸ್ಟರ್ ಆಟಗಾರರ ಮುಖದಲ್ಲಿ ಒಂದು ಚೂರು ಸಮಾಧಾನ ಕಾಣ್ಸುತ್ತಾ ಅಂತ. ಸೀಟೇ ಮುಖ್ಯ ಆಗಿದ್ರೆ ಕಾರ್ಡಿಫ್ ಆ ರಾತ್ರಿ 20–6 ಹಿಂದೆ ಇದ್ದಾಗ ಆರಾಮಾಗಿ ಆಡಿ ಮನೆಗೆ ಹೋಗಬಹುದಿತ್ತು, ಟೇಬಲ್ಲಲ್ಲಿ ಅವ್ರಿಗೆ ಸಿಗೋದು ಏನೂ ಬಾಕಿ ಇರ್ಲಿಲ್ಲ. ಹೋಗೋ ಕೋಚಿಗೆ ಕೊನೆ ಮ್ಯಾಚು, ದುಡ್ಡು ಖರ್ಚು ಮಾಡ್ಕೊಂಡು ಸಮುದ್ರ ದಾಟಿ ಬಂದ ಜನ, ಪಕ್ಕದ ಹುಡುಗನ ಮುಖ, ಇಷ್ಟಕ್ಕೇ ಆಡಿದ್ರು. ನಿಮ್ಮ ಓನರ್ ಕಣ್ಣಲ್ಲಿ ನೀರು ಬರೋದು ಇದಕ್ಕೆ ಅಂತ ನನ್ನ ನಂಬಿಕೆ.

ಆಮೇಲೇನಾಯ್ತು ಅಂತನೂ ಕೇಳ್ತೀರಿ. ಮೇಲಿನ ಕಪ್‌ನಲ್ಲಿ ಕಾರ್ಡಿಫ್ ಬಿದ್ದಿದ್ದು ಸಾರಸೆನ್ಸ್, ಗ್ಲಾಸ್ಗೋ, ಲಿಯೋನ್ ಇದ್ದ ಪೂಲ್‌ಗೆ, ಕ್ವಾರ್ಟರ್ ಫೈನಲ್ ತಲುಪ್ಲಿಲ್ಲ, ಆ ವರ್ಷ ಸಾರಸೆನ್ಸೇ ಚಾಂಪಿಯನ್. ಚಾಲೆಂಜ್ ಕಪ್ ರೂಪನೂ ಈಗ ಬದಲಾಗಿದೆ, ದಕ್ಷಿಣ ಆಫ್ರಿಕಾ ಟೀಮ್‌ಗಳು ಬಂದಿವೆ, ಮೇಲಿನ ಕಪ್‌ನ ಪೂಲ್‌ನಲ್ಲಿ ಹಿಂದೆ ಬಿದ್ದ ಕೆಲವು ಟೀಮ್‌ಗಳು ನಾಕೌಟ್ ಹೊತ್ತಿಗೆ ಕೆಳಗೆ ಇಳಿದು ಬಂದು ಸೇರ್ಕೋತಾರೆ. ಇದು ನನಗೆ ಇಷ್ಟ ಇಲ್ಲ, ಮೊದಲಿಂದ ಇದೇ ಕಪ್ ಆಡಿ ಬಂದವ್ರ ಶ್ರಮಕ್ಕೆ ಅನ್ಯಾಯ ಅನ್ಸುತ್ತೆ. ಗ್ಲಾಸ್ಟರ್ 2024ರಲ್ಲಿ ಮತ್ತೆ ಫೈನಲ್‌ಗೆ ಬಂದು ಡರ್ಬನ್‌ನ ಶಾರ್ಕ್ಸ್ ಹತ್ರ 36–22ಕ್ಕೆ ಸೋತ್ರು. ಕಾರ್ಡಿಫ್ ಕ್ಲಬ್ಬು 2025 ಏಪ್ರಿಲ್‌ನಲ್ಲಿ ದುಡ್ಡಿಲ್ದೆ ಅಡ್ಮಿನಿಸ್ಟ್ರೇಷನ್‌ಗೆ (ಒಂಥರಾ ದಿವಾಳಿ ಪ್ರಕ್ರಿಯೆ) ಹೋಗಿ ವೇಲ್ಸ್ ರಗ್ಬಿ ಯೂನಿಯನ್ ಕೈಗೆ ಬಂತು, ಅದಾದ ಮುಂದಿನ ತಿಂಗಳು ಅದೇ ಊರಿನ ಪ್ರಿನ್ಸಿಪಾಲಿಟಿ ಸ್ಟೇಡಿಯಂನಲ್ಲಿ ಚಾಲೆಂಜ್ ಕಪ್ ಫೈನಲ್ ನಡೀತು, ಬಾತ್ ಲಿಯೋನನ್ನ 37–12ಕ್ಕೆ ಸೋಲಿಸಿದ್ರು. ಆ ದಿನ ಪಕ್ಕದ ಆರ್ಮ್ಸ್ ಪಾರ್ಕ್ ಕಡೆ ನೋಡಿದ ಕಾರ್ಡಿಫ್ ಅಭಿಮಾನಿಗಳಿಗೆ ಹೇಗಾಗಿರ್ಬೇಡ.

ಆರ್ಮ್ಸ್ ಪಾರ್ಕ್‌ನಲ್ಲಿ ಮ್ಯಾಚ್ ಇದ್ದಾಗ ಒಂದು ಸಲ ಓನರ್ ಜೊತೆ ಹೋಗಿ ಬನ್ನಿ. ದಾರೀಲಿ ಅವ್ರನ್ನ 2010ರ ಮಾರ್ಸೆಲ್ ಫೈನಲ್ ಬಗ್ಗೆನೂ ಕೇಳಿ, ಜಾನಿ ವಿಲ್ಕಿನ್ಸನ್ ಇದ್ದ ಟೂಲೋನ್ ಟೀಮನ್ನ ಇದೇ ಕಾರ್ಡಿಫ್ 28–21ಕ್ಕೆ ಸೋಲಿಸಿ ಇದೇ ಚಾಲೆಂಜ್ ಕಪ್ ತಂದಿದ್ರು, ವೇಲ್ಸ್‌ನ ಒಂದು ಟೀಮ್ ಯುರೋಪ್ ಕಪ್ ಒಂದನ್ನ ಮನೆಗೆ ತಂದಿದ್ದು ಅದೇ ಮೊದಲು.